ಹಳಿಗೆ ದಾರಿ ಬಿಟ್ಟ ಮದ್ದಿನ ಮನೆ

ಶ್ರೀರಂಗಪಟ್ಟಣದ ಟಿಪ್ಪು ಕಾಲದ ಶಸ್ತ್ರಾಗಾರವನ್ನು ಒಡೆಯದೆ, ಬಿಚ್ಚದೆ, ಇಡಿಯಾಗಿ ಎತ್ತಿ ಪಕ್ಕಕ್ಕೆ ಇಟ್ಟ ಕಥೆ. ಅದರ ಜತೆಗೆ, ಹಳೆಯ ಕಟ್ಟಡಕ್ಕೆ ನಾವು ಕಟ್ಟುವ ಬೆಲೆಯ ಕಥೆ

ಮನೆ ಬದಲಾಯಿಸುವುದು ನಮಗೆಲ್ಲ ಗೊತ್ತಿರುವ ಕೆಲಸ. ಪಾತ್ರೆ ಪಡಗ, ಹಾಸಿಗೆ ದಿಂಬು, ಮಕ್ಕಳ ಪುಸ್ತಕಗಳನ್ನೆಲ್ಲ ಗಂಟು ಕಟ್ಟಿ ಲಾರಿಗೆ ಹೇರಿದರೆ ಮುಗಿಯಿತು. ನಾವು ಹೋಗುತ್ತೇವೆ, ಮನೆ ಇದ್ದಲ್ಲೇ ಇರುತ್ತದೆ. ಆದರೆ 2017ರ ಮಾರ್ಚ್ ತಿಂಗಳಲ್ಲಿ ಶ್ರೀರಂಗಪಟ್ಟಣದಲ್ಲಿ ನಡೆದದ್ದು ಇದಕ್ಕೆ ತಿರುವುಮುರುವು. ಅಲ್ಲಿ ಊರು ಇದ್ದಲ್ಲೇ ಇತ್ತು, ಜನ ಇದ್ದಲ್ಲೇ ಇದ್ದರು, ಮನೆಯೇ ಎದ್ದು ಹೊರಟಿತು!

ಹೊರಟದ್ದು ಸಾಮಾನ್ಯ ಮನೆಯಲ್ಲ. ಇನ್ನೂರು ವರ್ಷಕ್ಕೂ ಹಳೆಯದಾದ, ಇಟ್ಟಿಗೆ ಮತ್ತು ಗಾರೆಯಿಂದ ಕಟ್ಟಿದ, ಸುಮಾರು ಸಾವಿರ ಟನ್ ತೂಕದ, ಟಿಪ್ಪು ಸುಲ್ತಾನನ ಕಾಲದ ಶಸ್ತ್ರಾಗಾರ. ಬೆಳೆದ ಗಂಡಾನೆಯೊಂದು ನಾಲ್ಕೈದು ಟನ್ ತೂಗುತ್ತದೆ. ಆ ಲೆಕ್ಕದಲ್ಲಿ ಇದು ಇನ್ನೂರಕ್ಕೂ ಹೆಚ್ಚು ಆನೆಗಳ ಭಾರ. ಅದನ್ನು ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಹೊಸ ತಳಪಾಯದ ಮೇಲೆ ಕೂರಿಸಲಾಯಿತು. ಬೆಂಗಳೂರು-ಮೈಸೂರು ರೈಲು ಮಾರ್ಗ ಜೋಡಿ ಹಳಿಯಾಗಬೇಕಿತ್ತು. ಎರಡನೆಯ ಹಳಿ ಹೋಗಬೇಕಾದ ಜಾಗದಲ್ಲೇ ಈ ಕಟ್ಟಡ ಕುಳಿತಿತ್ತು. ಖರ್ಚು ಹದಿಮೂರು ಕೋಟಿ ರೂಪಾಯಿಗಳ ಆಸುಪಾಸು.

ಸುದ್ದಿ ಓದಿದ ಅನೇಕರು ಮೂಗಿನ ಮೇಲೆ ಬೆರಳಿಟ್ಟರು. ಕೆಲವರು ಸ್ಥಳಾಂತರದ ಚಮತ್ಕಾರಕ್ಕೆ, ಇನ್ನು ಕೆಲವರು ಖರ್ಚಿಗೆ. ಒಂದು ಹಳೆಯ ಮದ್ದಿನ ಮನೆಗೆ ಇಷ್ಟು ದುಡ್ಡೇ? ಅಲ್ಲಿ ಕೆತ್ತನೆಯಿಲ್ಲ, ಚಿತ್ರವಿಲ್ಲ, ದೇವರಿಲ್ಲ, ಸಿಂಹಾಸನವಿಲ್ಲ. ಒಡೆದು ಹಾಕಿ, ಅದಿದ್ದ ಕಡೆ ಒಂದು ಫಲಕ ನೆಟ್ಟಿದ್ದರೆ ಸಾಲದೇ? ಪ್ರಶ್ನೆ ಸುಲಭವಾಗಿ ತಳ್ಳಿಹಾಕುವಂಥದಲ್ಲ. ಉತ್ತರ ಬೇಕಾದರೆ ಈ ಕಟ್ಟಡ ಏನು, ಅದು ಏಕೆ ಹಾಗಿದೆ ಎಂಬುದನ್ನು ಮೊದಲು ತಿಳಿಯಬೇಕು.

ಹೊಳೆಯೇ ಕಂದಕ

ಕಾವೇರಿ ಎರಡು ಕವಲಾಗಿ ಒಡೆದು ಮತ್ತೆ ಕೂಡುವ ನಡುವಿನ ನಡುಗಡ್ಡೆ ಶ್ರೀರಂಗಪಟ್ಟಣ. ಸುತ್ತಲೂ ಹೊಳೆ ಇರುವಾಗ ಶತ್ರುವನ್ನು ತಡೆಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಇದನ್ನು ಪಡೆದು ಮೈಸೂರಿನ ರಾಜಧಾನಿ ಮಾಡಿಕೊಂಡರು. 1761ರಲ್ಲಿ ಆಡಳಿತದ ಹಿಡಿತ ಹೈದರಾಲಿಯ ಕೈಗೆ ಹೋಯಿತು. 1782ರಿಂದ 1799ರವರೆಗೆ ಟಿಪ್ಪು ಇಲ್ಲಿಂದಲೇ ಆಳಿದ.

ಈ ನಲವತ್ತು ವರ್ಷಗಳಲ್ಲಿ ಮೈಸೂರಿಗೂ ಈಸ್ಟ್ ಇಂಡಿಯಾ ಕಂಪನಿಗೂ ನಾಲ್ಕು ಯುದ್ಧಗಳಾದವು. ಮೂರನೆಯ ಯುದ್ಧದ ಕೊನೆಗೆ, 1792ರಲ್ಲಿ, ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿಗೇ ಬಂದ. ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಒಪ್ಪಿಸಬೇಕಾಯಿತು. ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು. 1799ರ ಮೇ 4ರಂದು, ನಾಲ್ಕನೆಯ ಯುದ್ಧದಲ್ಲಿ, ಕೋಟೆ ಬಿತ್ತು. ಟಿಪ್ಪು ಕಾದಾಡುತ್ತಲೇ ಸತ್ತ.

ಇಂಥ ಕಾಲದಲ್ಲಿ ರಾಜಧಾನಿಯೆಂದರೆ ಬರಿಯ ಅರಮನೆಯಲ್ಲ, ಅದೊಂದು ಕಾರ್ಖಾನೆ. ಕೋಟೆ ಗೆದ್ದವರಿಗೆ ಒಳಗೆ ಸಿಕ್ಕ ಫಿರಂಗಿಗಳೇ 900ಕ್ಕೂ ಹೆಚ್ಚು. ಅವುಗಳ ಜತೆಗೆ ಫಿರಂಗಿ ಎರಕ ಹೊಯ್ಯುವ ಶಾಲೆಗಳು, ಬಂದೂಕು ಮಾಡುವ ಕಾರ್ಖಾನೆಗಳು, ನೂರಾರು ಸಿದ್ಧ ರಾಕೆಟ್ಟುಗಳು, ಇನ್ನೂ ಮದ್ದು ತುಂಬದ ಸಾವಿರಾರು ಕಬ್ಬಿಣದ ಕೊಳವೆಗಳು. ಇವೆಲ್ಲಕ್ಕೂ ಜೀವ ತುಂಬುತ್ತಿದ್ದದ್ದು ಒಂದೇ ವಸ್ತು, ಮದ್ದಿನ ಪುಡಿ. ಅದನ್ನು ಎಲ್ಲಿಡುವುದು? ಅದಕ್ಕಾಗಿಯೇ ಕೋಟೆಯೊಳಗೆ ಅಲ್ಲಲ್ಲಿ ಇಂಥ ಕಟ್ಟಡಗಳು ಎದ್ದವು. ‘ಎದ್ದವು’ ಎನ್ನುವುದಕ್ಕಿಂತ ‘ಹೂತುಕೊಂಡವು’ ಎನ್ನುವುದೇ ಸರಿ. ಏಕೆಂದರೆ ಇವುಗಳ ಬಹುಭಾಗ ಇರುವುದು ನೆಲದ ಮಟ್ಟಕ್ಕಿಂತ ಕೆಳಗೆ.

ಬೆಂಕಿಗೂ ನೀರಿಗೂ ನಡುವೆ

ಮದ್ದು ಅಂದರೆ ಮೂರು ಪದಾರ್ಥಗಳ ಮಿಶ್ರಣ: ಪೆಟ್ಲುಪ್ಪು, ಇದ್ದಿಲು, ಗಂಧಕ. ನೂರು ಪಾಲಿನಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಇದ್ದಿಲು ಮತ್ತು ಗಂಧಕ ಉರಿಯುವ ವಸ್ತುಗಳು. ಪೆಟ್ಲುಪ್ಪು, ಅಂದರೆ ಪೊಟಾಸಿಯಂ ನೈಟ್ರೇಟ್, ತನ್ನೊಳಗೇ ಆಮ್ಲಜನಕ ಇಟ್ಟುಕೊಂಡಿರುವುದರಿಂದ ಹೊರಗಿನ ಗಾಳಿ ಇಲ್ಲದೆಯೂ ಮದ್ದು ಹತ್ತಿಕೊಳ್ಳುತ್ತದೆ. ಹತ್ತಿಕೊಂಡಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಬಿಸಿ ಅನಿಲ ಉಬ್ಬಿ, ಇದ್ದ ಜಾಗ ಸಾಲದೆ ಗೋಡೆಯನ್ನು ಸೀಳುತ್ತದೆ.

ಹೀಗಾಗಿ ಮದ್ದಿನ ಮನೆ ಕಟ್ಟುವವನ ಎದುರು ಇಬ್ಬರು ಶತ್ರುಗಳಿರುತ್ತಾರೆ. ಒಂದು ಕಿಡಿ, ಇನ್ನೊಂದು ತೇವ. ಕಿಡಿ ತಾಗಿದರೆ ಕಟ್ಟಡವೇ ಹೋಯಿತು. ತೇವ ತಾಗಿದರೆ ಕಟ್ಟಡ ಉಳಿದರೂ ಮದ್ದು ಹೋಯಿತು. ಯುದ್ಧದ ದಿನ ಫಿರಂಗಿ ಬಾಯಿ ಬಿಡುವುದಿಲ್ಲ. ನೆಲದೊಳಗೆ ಹೂತರೆ ಶತ್ರುವಿನ ಗುಂಡು ನೇರವಾಗಿ ತಗಲುವುದಿಲ್ಲ, ಆದರೆ ತೇವ ಹೆಚ್ಚು. ನೆಲದ ಮೇಲೆ ಎತ್ತಿ ಕಟ್ಟಿದರೆ ಒಣಗಿರುತ್ತದೆ, ಆದರೆ ಗುರಿಗೆ ಸಿಕ್ಕುತ್ತದೆ. ಅದೂ ಕಾವೇರಿಯ ನಡುಗಡ್ಡೆಯಲ್ಲಿ, ಎರಡೂ ಮಗ್ಗುಲಲ್ಲಿ ನೀರು ಹರಿಯುವ ಊರಲ್ಲಿ!

ದಪ್ಪನೆಯ ಗೋಡೆ, ಕಮಾನಿನ ಚಾವಣಿ, ಇಟ್ಟಿಗೆ, ಸುಣ್ಣದ ಗಾರೆ. ಇವು ಅಂದಿನ ಗಾರೆ ಕೆಲಸದವರು ಕಂಡುಕೊಂಡ ಉತ್ತರಗಳು. ಕಮಾನು ತನ್ನ ಮೇಲಿನ ಭಾರವನ್ನು ಎರಡು ಮಗ್ಗುಲಿನ ಗೋಡೆಗೆ ದಾಟಿಸುತ್ತದೆ; ಒಂದು ಮರದ ತೊಲೆಯೂ ಬೇಡ. ಮರವಿಲ್ಲದ ಮೇಲೆ ಬೆಂಕಿಗೆ ಆಹಾರವೂ ಕಡಿಮೆ. ಸುಣ್ಣದ ಗಾರೆಗೆ ಇಟ್ಟಿಗೆಯ ಪುಡಿ, ಅಂದರೆ ಸುರ್ಕಿ, ಬೆರೆಸಿದರೆ ಅದು ತೇವದ ಜಾಗದಲ್ಲೂ ಗಟ್ಟಿಯಾಗುತ್ತದೆ. ಜತೆಗೆ ಸುಣ್ಣದ ಗೋಡೆ ಒಳಗಿನ ತೇವವನ್ನು ನಿಧಾನವಾಗಿ ಹೊರಕ್ಕೆ ಬಿಡುತ್ತದೆ. ಹಳಬರ ಮಾತಿನಲ್ಲಿ ಹೇಳುವುದಾದರೆ ಗೋಡೆ ಉಸಿರಾಡುತ್ತದೆ.

ಎಲ್ಲ ಮದ್ದನ್ನೂ ಒಂದೇ ದೊಡ್ಡ ಮನೆಯಲ್ಲಿ ತುಂಬದೆ ಕೋಟೆಯ ಬೇರೆ ಬೇರೆ ಕಡೆ ಹಂಚಿಟ್ಟಿರುವುದರಲ್ಲೂ ಲೆಕ್ಕಾಚಾರವಿದೆ. ಒಂದು ಹೋದರೆ ಇನ್ನೊಂದು ಉಳಿಯಬೇಕು. ಜತೆಗೆ, ಯಾವ ಬತೇರಿಯ ಮೇಲೆ ದಾಳಿಯಾದರೂ ಮದ್ದು ಹತ್ತಿರದಲ್ಲೇ ಸಿಗಬೇಕು. ಅಂದರೆ ಈ ಕಟ್ಟಡಗಳು ಒಂಟಿ ಒಂಟಿಯಲ್ಲ. ಕೋಟೆಯ ಗೋಡೆ, ಕಂದಕ, ಬತೇರಿಗಳ ಜತೆ ಸೇರಿ ಒಂದೇ ಯಂತ್ರದ ಬಿಡಿಭಾಗಗಳಿದ್ದಂತೆ.

ಚರಿತ್ರೆ ತಿರುಗಿಸಿದ ಕಿಡಿಗಳು

ಮದ್ದಿನ ದಾಸ್ತಾನಿಗೆ ತಗುಲಿದ ಒಂದು ಕಿಡಿ ಯುದ್ಧದ ಫಲಿತಾಂಶವನ್ನೇ ಬದಲಿಸಿದ್ದುಂಟು. 1780ರ ಸೆಪ್ಟೆಂಬರಿನಲ್ಲಿ ಕಂಚಿಯ ಹತ್ತಿರದ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಸೇನೆ ಕರ್ನಲ್ ಬೇಲಿಯ ತುಕಡಿಯನ್ನು ಸುತ್ತುಗಟ್ಟಿತು. ಬ್ರಿಟಿಷರ ಮದ್ದಿನ ಗಾಡಿಗಳು ಸಿಡಿದುಹೋದವು. ಅಲ್ಲಿಗೆ ಕಂಪನಿಯ ಸೋಲು ಖಚಿತವಾಯಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯಲ್ಲಿ ಈ ಯುದ್ಧದ ದೊಡ್ಡ ಚಿತ್ರವಿದೆ. ಚಿತ್ರಕಾರ ಆ ಗಾಡಿ ಸಿಡಿಯುವುದನ್ನೂ ಮರೆಯದೆ ಬರೆದಿದ್ದಾನೆ.

ಹತ್ತೊಂಬತ್ತು ವರ್ಷಗಳ ಮೇಲೆ ಅದೇ ಕಿಡಿ ಇತ್ತ ತಿರುಗಿತು. 1799ರ ಮೇ 2ರಂದು, ಕೋಟೆ ಬೀಳುವುದಕ್ಕೆ ಎರಡು ದಿನ ಮುಂಚೆ, ಬ್ರಿಟಿಷರ ಗುಂಡೊಂದು ಕೋಟೆಯೊಳಗಿನ ರಾಕೆಟ್ಟುಗಳ ಉಗ್ರಾಣಕ್ಕೆ ತಗುಲಿತು. ಭಾರಿ ಸ್ಫೋಟವಾಗಿ ಕಪ್ಪು ಹೊಗೆ ಆಕಾಶಕ್ಕೇರಿತು, ರಾಕೆಟ್ಟುಗಳು ದಿಕ್ಕಾಪಾಲಾಗಿ ಸಿಡಿದವು. ಆ ರಾಕೆಟ್ಟುಗಳಲ್ಲಿ ಕೆಲವು ಮುಂದೆ ಇಂಗ್ಲೆಂಡಿನ ವುಲಿಚ್ ಶಸ್ತ್ರಾಗಾರವನ್ನು ಸೇರಿದವು. ವಿಲಿಯಂ ಕಾಂಗ್ರಿವ್ ಅವುಗಳನ್ನು ನೋಡಿ, ತಿದ್ದಿ, ಬ್ರಿಟಿಷ್ ಸೇನೆಗೆ ತನ್ನದೇ ಹೆಸರಿನ ರಾಕೆಟ್ ಮಾಡಿಕೊಟ್ಟ. ಅಬ್ದುಲ್ ಕಲಾಂ ಅಮೆರಿಕದ ವಾಲಪ್ಸ್ ರಾಕೆಟ್ ಕೇಂದ್ರಕ್ಕೆ ಹೋದಾಗ ಅಲ್ಲಿಯ ಗೋಡೆಯ ಮೇಲೆ ಟಿಪ್ಪುವಿನ ಸೇನೆ ರಾಕೆಟ್ ಹಾರಿಸುತ್ತಿರುವ ಚಿತ್ರ ಕಂಡು ಹೆಮ್ಮೆಪಟ್ಟದ್ದನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಪಾಳು ಬಾವಿಯೊಂದರಿಂದ ಇಂಥ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳನ್ನು ಹೊರತೆಗೆದದ್ದು ಅನೇಕರಿಗೆ ನೆನಪಿರಬಹುದು.

ಮದ್ದಿಗೆ ತಕ್ಕ ಮನೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ನಮ್ಮ ಬೀದರಿನಲ್ಲೇ ಇದೆ. 1472ರಲ್ಲಿ ಮಹಮೂದ್ ಗಾವಾನ್ ಕಟ್ಟಿಸಿದ ಮದರಸಾ ದೊಡ್ಡ ವಿದ್ಯಾಕೇಂದ್ರ. ಮೊಗಲರು ಊರು ಗೆದ್ದ ಮೇಲೆ ಅಲ್ಲಿ ಮದ್ದು ಇಡತೊಡಗಿದರು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಅದು ಸಿಡಿದು ಕಟ್ಟಡದ ಒಂದು ಭಾಗ ಹಾರಿಹೋಯಿತು. ಒಂದು ಮಿನಾರು ಮಾತ್ರ ನಿಂತಿದೆ. ಅಥೆನ್ಸ್ ನಗರದ ಪಾರ್ಥೆನಾನ್ ದೇವಾಲಯದ ಕಥೆಯೂ ಹೀಗೆಯೇ. ಎರಡು ಸಾವಿರ ವರ್ಷ ನಿಂತಿದ್ದ ಆ ದೇವಾಲಯ, ಒಳಗಿದ್ದ ತುರ್ಕರ ಮದ್ದಿಗೆ 1687ರಲ್ಲಿ ವೆನಿಸ್ಸಿನವರ ಗುಂಡು ತಗುಲಿ ಛಿದ್ರವಾಯಿತು. ಇದನ್ನೆಲ್ಲ ನೆನೆದರೆ, ಎರಡು ಮುತ್ತಿಗೆಗಳನ್ನು ಕಂಡ ಊರಿನಲ್ಲಿ ಇಡಿಯಾಗಿ ಉಳಿದುಬಂದ ಮದ್ದಿನ ಮನೆ ಎಂದರೆ ಸಾಮಾನ್ಯವಲ್ಲ ಎಂಬುದು ಮನವರಿಕೆಯಾಗುತ್ತದೆ.

ರೈಲು ಬಂತು ದಾರಿ ಬಿಡಿ

1799ರ ನಂತರ ರಾಜಧಾನಿ ಮೈಸೂರಿಗೆ ಹೋಯಿತು. ಜ್ವರದ ಕಾಟ ತಾಳಲಾರದೆ ಬ್ರಿಟಿಷ್ ಪಡೆಯೂ ಬೆಂಗಳೂರಿಗೆ ಗುಡಾರ ಕಿತ್ತಿತು. ಬೆಂಗಳೂರಿನ ದಂಡು ಪ್ರದೇಶ ಹುಟ್ಟಿದ್ದು ಹಾಗೆ. ಶ್ರೀರಂಗಪಟ್ಟಣ ಪಾಳು ಬೀಳತೊಡಗಿತು. ಟಿಪ್ಪು ವಾಸವಾಗಿದ್ದ ಲಾಲ್ ಮಹಲನ್ನು ಕೆಡವಿದರು. ಮದ್ದಿನ ಮನೆಗಳಲ್ಲಿ ಮದ್ದಿಲ್ಲದಾಯಿತು.

1882ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ರೈಲು ಬಂತು. ಹಳಿ ಕೋಟೆಯ ನಡುವೆಯೇ ಹಾದುಹೋಯಿತು. ಅಂದು ಸ್ಮಾರಕ, ಸಂರಕ್ಷಣೆ ಎಂದೆಲ್ಲ ಕೇಳುವವರಿರಲಿಲ್ಲ. ನೂರಮೂವತ್ತು ವರ್ಷಗಳ ನಂತರ ಎರಡನೆಯ ಹಳಿ ಬರುವ ಹೊತ್ತಿಗೆ ಕಾಲ ಬದಲಾಗಿತ್ತು, ಕಾನೂನು ಬಂದಿತ್ತು. ಬೆಂಗಳೂರಿನ ಕಡೆಯಿಂದಲೂ ಮೈಸೂರಿನ ಕಡೆಯಿಂದಲೂ ಜೋಡಿ ಹಳಿ ಬಂದು ಶ್ರೀರಂಗಪಟ್ಟಣದ ಈ ಚಿಕ್ಕ ತುಂಡಿನಲ್ಲಿ ವರ್ಷಗಟ್ಟಲೆ ಕಾದು ನಿಂತಿತು.

ಇಲ್ಲಿ ಎರಡೂ ಕಡೆ ನ್ಯಾಯವಿದೆ ಎಂಬುದನ್ನು ಮರೆಯಬಾರದು. ಬೆಂಗಳೂರು-ಮೈಸೂರು ನಡುವೆ ದಿನಾ ಓಡಾಡುವ ನೌಕರರು, ವಿದ್ಯಾರ್ಥಿಗಳು, ಹಾಲು ತರಕಾರಿ ಮಾರುವವರು ಎಷ್ಟು ಮಂದಿ! ಒಂಟಿ ಹಳಿಯಲ್ಲಿ ಎದುರು ಗಾಡಿಗಾಗಿ ನಿಲ್ದಾಣದಲ್ಲಿ ಕಾಯುವ ಕಷ್ಟ ಅವರಿಗೇ ಗೊತ್ತು. ಇತ್ತ, ಒಮ್ಮೆ ಒಡೆದರೆ ಯಾವ ದುಡ್ಡಿಗೂ ಮತ್ತೆ ಸಿಗದ ಕಟ್ಟಡ. ಒಂದನ್ನು ಬಲಿಕೊಟ್ಟು ಇನ್ನೊಂದನ್ನು ಉಳಿಸುವ ಬದಲು ಎರಡನ್ನೂ ಉಳಿಸುವ ದಾರಿ ಹುಡುಕಿದ್ದೇ ಈ ಪ್ರಕರಣದ ವಿಶೇಷ.

ಸಾವಿರ ಟನ್ ಎತ್ತಿದ್ದು ಹೀಗೆ

ಹಳೆಯ ಕಟ್ಟಡವನ್ನು ಸ್ಥಳಾಂತರಿಸುವುದು ಹೊಸ ಸಂಗತಿಯಲ್ಲ. ಈಜಿಪ್ಟಿನಲ್ಲಿ ಅಸ್ವಾನ್ ಅಣೆಕಟ್ಟಿನ ನೀರಿಗೆ ಮುಳುಗಲಿದ್ದ ಅಬು ಸಿಂಬೆಲ್ ದೇವಾಲಯಗಳನ್ನು 1964ರಿಂದ 1968ರವರೆಗೆ ತುಂಡು ತುಂಡಾಗಿ ಕೊಯ್ದು ಸುಮಾರು 65 ಮೀಟರ್ ಎತ್ತರದಲ್ಲಿ ಮತ್ತೆ ಜೋಡಿಸಿದರು. ಶ್ರೀರಂಗಪಟ್ಟಣಕ್ಕೆ ಹತ್ತಿರದಲ್ಲೇ, ಕೃಷ್ಣರಾಜಸಾಗರದಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನೂ ಕಲ್ಲು ಕಲ್ಲಾಗಿ ಬಿಚ್ಚಿ ದಡದಲ್ಲಿ ಮತ್ತೆ ನಿಲ್ಲಿಸಿರುವುದನ್ನು ನೋಡಬಹುದು.

ಕಲ್ಲಿನ ಗುಡಿಗೆ ಈ ವಿಧಾನ ಒಗ್ಗುತ್ತದೆ. ಪ್ರತಿ ಕಲ್ಲಿಗೂ ನಂಬರು ಹಾಕಿ, ಬಿಚ್ಚಿ, ಮತ್ತೆ ಅದೇ ಕ್ರಮದಲ್ಲಿ ಪೇರಿಸಬಹುದು. ಆದರೆ ಮದ್ದಿನ ಮನೆ ಇಟ್ಟಿಗೆಯದು. ಸಾವಿರಾರು ಇಟ್ಟಿಗೆಗಳೂ ಗಾರೆಯೂ ಇನ್ನೂರು ವರ್ಷದಲ್ಲಿ ಬೆರೆತು ಒಂದೇ ಬಂಡೆಯಂತಾಗಿವೆ. ಬಿಚ್ಚಲು ಹೋದರೆ ಉಳಿಯುವುದು ಇಟ್ಟಿಗೆ ಚೂರಿನ ಗುಡ್ಡೆ. ಅದನ್ನೇ ಬಳಸಿ ಮತ್ತೆ ಕಟ್ಟಿದರೆ ಅದು ಹೊಸ ಕಟ್ಟಡವಾಗುತ್ತದೆಯೇ ಹೊರತು ಹಳೆಯದಲ್ಲ. ಹಾಗಾಗಿ ಇಡಿಯಾಗಿ ಎತ್ತುವುದೊಂದೇ ದಾರಿಯಾಗಿತ್ತು. ದೆಹಲಿಯ ಪಿಎಸ್‌ಎಲ್ ಎಂಜಿನಿಯರಿಂಗ್ ಕಂಪನಿ ಮತ್ತು ಮನೆಗಳನ್ನು ಸರಿಸುವುದನ್ನೇ ಕಸುಬಾಗಿಸಿಕೊಂಡ ಅಮೆರಿಕದ ವುಲ್ಫ್ ಕಂಪನಿ ಸೇರಿ ಈ ಕೆಲಸ ಮಾಡಿದವು.

ಮೊದಲು ಸುತ್ತಲಿನ ಮಣ್ಣು ತೆಗೆದು ಕಟ್ಟಡವನ್ನು ಬಿಡಿಸಿಕೊಳ್ಳಬೇಕು. ಆಮೇಲೆ ಬುಡದಡಿ ಉಕ್ಕಿನ ತೊಲೆಗಳನ್ನು ತೂರಿಸಿ ಕೆಳಗೊಂದು ಗಟ್ಟಿ ಚೌಕಟ್ಟು ಮಾಡಬೇಕು. ಅಂಗೈ ಮೇಲೆ ತಟ್ಟೆ ಇಟ್ಟುಕೊಂಡ ಹಾಗೆ. ಆ ಚೌಕಟ್ಟನ್ನು ಹೈಡ್ರಾಲಿಕ್ ಜಾಕ್‌ಗಳು ಎತ್ತುತ್ತವೆ. ಇಲ್ಲಿ ಕೆಲಸ ಮಾಡುವುದು ಹೈಸ್ಕೂಲು ವಿಜ್ಞಾನ ಪುಸ್ತಕದಲ್ಲಿರುವ ಪ್ಯಾಸ್ಕಲನ ನಿಯಮವೇ: ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಅದರ ಬಲದಿಂದಲೇ ಚಿಕ್ಕ ಪಂಪು ದೊಡ್ಡ ಭಾರ ಎತ್ತುತ್ತದೆ.

ಆದರೆ ಎತ್ತುವುದಕ್ಕಿಂತ ಸಮನಾಗಿ ಎತ್ತುವುದು ಕಷ್ಟ. ಇಟ್ಟಿಗೆಯ ಗೋಡೆ ಒತ್ತಿದರೆ ತಾಳುತ್ತದೆ, ಎಳೆದರೆ ತಾಳುವುದಿಲ್ಲ. ಒಂದು ಮೂಲೆ ಒಂದು ಬೆರಳಷ್ಟು ಹಿಂದೆ ಬಿದ್ದರೂ ಗೋಡೆ ಎಳೆತಕ್ಕೆ ಸಿಕ್ಕಿ ಬಾಯಿ ಬಿಡುತ್ತದೆ. ಕಟ್ಟಡದ ತೂಕವೂ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಅದಕ್ಕಾಗಿ ಇಂಥ ಯಂತ್ರ ಪ್ರತಿ ಜಾಕ್‌ಗೂ ಅಳತೆ ಮಾಡಿ ಒಂದೇ ಪ್ರಮಾಣದ ಎಣ್ಣೆ ಕಳಿಸುತ್ತದೆ. ಮೇಲಿನ ಭಾರ ಹೆಚ್ಚಿರಲಿ ಕಡಿಮೆಯಿರಲಿ, ಎಲ್ಲ ಜಾಕ್‌ಗಳೂ ಒಂದೇ ಹೆಜ್ಜೆ ಏರುತ್ತವೆ; ಪಲ್ಲಕ್ಕಿ ಹೊತ್ತವರೆಲ್ಲ ಒಟ್ಟಿಗೆ ಹೆಜ್ಜೆ ಹಾಕಿದ ಹಾಗೆ. ಕಟ್ಟಡ ಹೊಸ ಜಾಗ ಸೇರಿತು, ದಾರಿ ತೆರೆಯಿತು. ಮೈಸೂರು-ಬೆಂಗಳೂರು ವಿದ್ಯುದೀಕೃತ ಜೋಡಿ ಮಾರ್ಗ 2018ರ ಫೆಬ್ರುವರಿಯಲ್ಲಿ ಲೋಕಾರ್ಪಣೆಯಾಯಿತು.

ಜಾಗ ಬದಲಾದರೆ ಬೆಲೆ ಉಳಿಯಿತೇ?

ಇಲ್ಲಿಗೆ ಕಥೆ ಸುಖಾಂತವೇ? ಪರಂಪರೆಯ ವಿಷಯ ಬಲ್ಲವರು ತಲೆ ಆಡಿಸಿಬಿಡುವುದಿಲ್ಲ. ಸ್ಮಾರಕಗಳ ಸಂರಕ್ಷಣೆಗೆ ಜಗತ್ತಿನಾದ್ಯಂತ ಆಧಾರವಾಗಿರುವ 1964ರ ವೆನಿಸ್ ಸನ್ನದು ಈ ಬಗ್ಗೆ ಸ್ಪಷ್ಟವಾಗಿದೆ. ಸ್ಮಾರಕವನ್ನು ಅದು ಸಾಕ್ಷಿಯಾಗಿರುವ ಚರಿತ್ರೆಯಿಂದಲೂ ಅದು ನಿಂತ ಪರಿಸರದಿಂದಲೂ ಬೇರ್ಪಡಿಸಬಾರದು. ಅದನ್ನು ಉಳಿಸಲು ಅನಿವಾರ್ಯವಾದಾಗ ಅಥವಾ ಬಹು ದೊಡ್ಡ ಸಾರ್ವಜನಿಕ ಹಿತ ಇದ್ದಾಗ ಮಾತ್ರ ಸರಿಸಬಹುದು ಎಂಬುದು ಅದರ ಸಾರ.

ಕಾರಣ ಊಹಿಸುವುದು ಕಷ್ಟವಲ್ಲ. ನೆಲದೊಳಗೆ ಎಷ್ಟು ಆಳ ಹೂತಿದ್ದರು, ಯಾವ ಬತೇರಿಗೆ ಎಷ್ಟು ದೂರ, ಬಾಗಿಲು ಯಾವ ದಿಕ್ಕಿಗೆ? ಕಟ್ಟಡಕ್ಕೆ ಅರ್ಥ ಕೊಡುವುದು ಇವೇ. ಚದುರಂಗದ ಕುದುರೆಯನ್ನು ಮಣೆಯ ಮೇಲಿಂದ ತೆಗೆದು ಶೋಕೇಸಿನಲ್ಲಿಟ್ಟರೆ ಅದು ಚೆಂದದ ಗೊಂಬೆ, ಆಟದ ಕಾಯಿಯಲ್ಲ. ಸರಿದ ಮದ್ದಿನ ಮನೆ ಇದರಲ್ಲಿ ಸ್ವಲ್ಪವನ್ನು ಕಳೆದುಕೊಂಡದ್ದು ನಿಜ.

ಆದರೆ ಉಳಿದದ್ದೂ ಕಡಿಮೆಯಲ್ಲ. ಅದೇ ಇಟ್ಟಿಗೆ, ಅದೇ ಗಾರೆ, ಅದೇ ಕಮಾನು, ಅಂದಿನ ಕೆಲಸಗಾರರ ಅದೇ ಕೈಗುರುತು. ದೂರದ ವಸ್ತುಸಂಗ್ರಹಾಲಯಕ್ಕೆ ಹೋಗದೆ ಅದೇ ನಡುಗಡ್ಡೆಯ ಮೇಲೆಯೇ ಉಳಿದಿದೆ. ಬರಹದಲ್ಲಿ ಉಳಿಯದ ಎಷ್ಟೋ ಸಂಗತಿಗಳು ಕಟ್ಟಡದಲ್ಲಿ ಉಳಿದಿರುತ್ತವೆ. ಟಿಪ್ಪುವಿನ ಬಗ್ಗೆ ಬ್ರಿಟಿಷರು ಬರೆದದ್ದು ಬೇಕಾದಷ್ಟಿದೆ. ಆದರೆ ಇಟ್ಟಿಗೆ ಸುಟ್ಟವನು, ಸುಣ್ಣ ಅರೆದವಳು, ಕಮಾನಿನ ಕೊನೆಯ ಇಟ್ಟಿಗೆ ಕೂರಿಸಿದವನು, ಇವರು ಏನನ್ನೂ ಬರೆದಿಡಲಿಲ್ಲ. ಅವರು ಬಿಟ್ಟುಹೋದ ದಾಖಲೆ ಈ ಗೋಡೆಯೊಂದೇ.

ಯಾರ ಪರಂಪರೆ?

ಇನ್ನೊಂದು ಪ್ರಶ್ನೆಯಿದೆ. ಟಿಪ್ಪುವಿನ ಹೆಸರು ಬಂದರೆ ನಮ್ಮಲ್ಲಿ ವಾದ ತಪ್ಪಿದ್ದಲ್ಲ. ಕೆಲವರಿಗೆ ಆತ ಬ್ರಿಟಿಷರ ವಿರುದ್ಧ ಹೋರಾಡಿದ ಶೂರ. ಕೊಡಗು, ಮಲಬಾರಿನ ನೆನಪುಗಳಲ್ಲಿ ಬೇರೆಯೇ ಚಿತ್ರವಿದೆ. ಮನೆಯ ಊಟದ ಹೊತ್ತಿನಲ್ಲೂ ಈ ಚರ್ಚೆ ನಡೆಯುತ್ತದೆ. ಮಕ್ಕಳು ಕಿವಿ ನಿಮಿರಿಸಿ ಕೇಳುತ್ತಾರೆ. ಹಾಗಿರುವಾಗ ಇಂಥ ಕಟ್ಟಡವನ್ನು ಉಳಿಸುವುದೆಂದರೆ ಯಾವ ಪಕ್ಷ ಹಿಡಿದಂತೆ?

ಯಾವ ಪಕ್ಷವನ್ನೂ ಅಲ್ಲ. ಕಟ್ಟಡವನ್ನು ಉಳಿಸುವುದೆಂದರೆ ಕಟ್ಟಿಸಿದವನಿಗೆ ಜಯಕಾರ ಹಾಕುವುದಲ್ಲ, ಸಾಕ್ಷಿಯನ್ನು ಕಾಪಾಡುವುದು. ಶ್ರೀರಂಗಪಟ್ಟಣವೇ ಇದಕ್ಕೆ ಒಳ್ಳೆಯ ಪಾಠ. ಒಂದು ಕಡೆ ಬ್ರಿಟಿಷ್ ಸೆರೆಯಾಳುಗಳನ್ನು ಇಟ್ಟಿದ್ದೆನ್ನುವ, ಕರ್ನಲ್ ಬೇಲಿಯ ಹೆಸರು ಹೊತ್ತ ನೆಲಮಾಳಿಗೆಯಿದೆ. ಇನ್ನೊಂದು ಕಡೆ ಮುತ್ತಿಗೆಯಲ್ಲಿ ಸತ್ತ ಬ್ರಿಟಿಷರ ನೆನಪಿಗೆ 1907ರಲ್ಲಿ ನಿಲ್ಲಿಸಿದ ಸ್ತಂಭವಿದೆ. ಶ್ರೀರಂಗನಾಥನ ಗುಡಿಯಿದೆ, ಮಸೀದಿಯಿದೆ, ಟಿಪ್ಪು ಬಿದ್ದ ಜಾಗವೆಂದು ಗುರುತಿಸಿದ ಕಲ್ಲಿದೆ. ಪೊಲ್ಲಿಲೂರಿನಲ್ಲಿ ಸೆರೆಸಿಕ್ಕು ಇದೇ ಊರಿನಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಸಂಕೋಲೆಯಲ್ಲಿದ್ದ ಡೇವಿಡ್ ಬೇರ್ಡ್‌ನೇ 1799ರಲ್ಲಿ ಕೋಟೆಗೆ ನುಗ್ಗಿದ ಪಡೆಯ ಮುಂದಾಳು. ಇವುಗಳಲ್ಲಿ ಒಂದನ್ನು ತೆಗೆದರೂ ಕಥೆ ಕುಂಟುತ್ತದೆ. ಎಲ್ಲವೂ ಇದ್ದಾಗ ಮಾತ್ರ ನೋಡುವವನು ತಾನೇ ಯೋಚಿಸಿ ತೀರ್ಮಾನಕ್ಕೆ ಬರಬಹುದು. ಸಾಕ್ಷಿ ಇಲ್ಲದ ಊರಿನಲ್ಲಿ ಗಟ್ಟಿ ದನಿಯವನು ಹೇಳಿದ್ದೇ ಚರಿತ್ರೆಯಾಗುತ್ತದೆ.

ಉಳಿದವುಗಳ ಪಾಡು

ಜಗತ್ತು ಈಗ ಕೋಟೆ ಕೊತ್ತಲಗಳನ್ನು ಹೊಸ ಕಣ್ಣಿನಿಂದ ನೋಡುತ್ತಿದೆ. ರಾಜಸ್ಥಾನದ ಗಿರಿದುರ್ಗಗಳು 2013ರಲ್ಲಿ, ಶಿವಾಜಿ ಮತ್ತು ಮರಾಠರ ಸೈನಿಕ ವ್ಯವಸ್ಥೆಯ 12 ಕೋಟೆಗಳು 2025ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಶ್ರೀರಂಗಪಟ್ಟಣದ ಸ್ಮಾರಕಗಳು 2014ರಲ್ಲಿ ಅದೇ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದವು. ತಾತ್ಕಾಲಿಕ ಪಟ್ಟಿಯೆಂದರೆ ಬಾಗಿಲ ಬಳಿ ನಿಂತಂತೆ. ಒಳಗೆ ಹೋಗಬೇಕಾದರೆ ಮನೆಯನ್ನು ಅಚ್ಚುಕಟ್ಟಾಗಿ ಇಟ್ಟುಕೊಂಡಿರಬೇಕು.

ಸರಿಸಿದ ಕಟ್ಟಡಕ್ಕೆ ಕೋಟಿಗಳ ಖರ್ಚಾಯಿತು, ಪತ್ರಿಕೆಯಲ್ಲಿ ಹೆಸರು ಬಂತು. ಆದರೆ ನಮ್ಮ ನಾಡಿನ ಸಣ್ಣಪುಟ್ಟ ಕೋಟೆಗಳಲ್ಲಿ ಇಂಥವೇ ಎಷ್ಟೋ ಮದ್ದಿನ ಮನೆ, ಕಾವಲು ಗೋಪುರ, ಬತೇರಿಗಳು ಯಾರ ಕಣ್ಣಿಗೂ ಬೀಳದೆ ನಿಂತಿವೆ. ಅವುಗಳಿಗೆ ಜಾಕ್ ಬೇಕಿಲ್ಲ, ಅಮೆರಿಕದ ಯಂತ್ರ ಬೇಕಿಲ್ಲ. ಕಮಾನಿನ ಸಂದಿನಲ್ಲಿ ಮೊಳೆತ ಆಲದ ಸಸಿಯನ್ನು ಎಳೆಯದಿರುವಾಗಲೇ ಕಿತ್ತರೆ, ಮಳೆನೀರು ಹರಿದುಹೋಗಲು ಕಾಲುವೆ ಬಿಡಿಸಿದರೆ, ಉದುರಿದ ಗಾರೆಯ ಜಾಗಕ್ಕೆ ಸುಣ್ಣದ ಗಾರೆಯನ್ನೇ ಮೆತ್ತಿದರೆ ಇನ್ನೂ ನೂರು ವರ್ಷ ನಿಂತಾವು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ‘ಗಟ್ಟಿಯಾಗಲಿ’ ಎಂದು ಹಳೆಯ ಸುಣ್ಣದ ಗೋಡೆಗೆ ಸಿಮೆಂಟು ಬಳಿಯುವುದು ಉಪಕಾರವಲ್ಲ, ಅಪಕಾರ. ಸಿಮೆಂಟು ತೇವವನ್ನು ಹೊರಬಿಡದು. ಒಳಗೆ ಸಿಕ್ಕಿಕೊಂಡ ನೀರು ಮೆತ್ತಗಿನ ಹಳೆಯ ಇಟ್ಟಿಗೆಯನ್ನು ತಿನ್ನುತ್ತಾ ಹೋಗುತ್ತದೆ. ಹೊರಗೆ ಹೊಸ ಮೈ, ಒಳಗೆ ಗೆದ್ದಲು ಹಿಡಿದ ಮರ ಎಂಬಂತಾಗುತ್ತದೆ.

ಮಕ್ಕಳನ್ನು ಕರೆದೊಯ್ಯುವಾಗ

ಶಾಲಾ ಪ್ರವಾಸದ ಬಸ್ಸುಗಳು ಶ್ರೀರಂಗಪಟ್ಟಣದಲ್ಲಿ ನಿಲ್ಲುವುದು ಸಾಮಾನ್ಯವಾಗಿ ಗುಡಿ, ಗುಂಬಜ್, ದರಿಯಾ ದೌಲತ್, ಸಂಗಮ ಇಷ್ಟರಲ್ಲೇ. ಎರಡು ಗಂಟೆಯಲ್ಲಿ ಎಲ್ಲ ಮುಗಿಸಿ ಮೈಸೂರಿನ ಮೃಗಾಲಯಕ್ಕೆ ಓಟ. ಮುಂದಿನ ಸಲ ಹೋದಾಗ ರೈಲು ನಿಲ್ದಾಣದ ಕಡೆಗೂ ಕಾಲು ಹಾಕಿ, ಈ ಮದ್ದಿನ ಮನೆಯ ಮುಂದೆ ಹತ್ತು ನಿಮಿಷ ನಿಲ್ಲಬಹುದು. ಮೊದಲು ದರಿಯಾ ದೌಲತ್ತಿನ ಯುದ್ಧದ ಚಿತ್ರದಲ್ಲಿ ಸಿಡಿಯುವ ಮದ್ದಿನ ಗಾಡಿಯನ್ನು ಹುಡುಕಲಿ. ಆಮೇಲೆ ಇಲ್ಲಿಗೆ ಬರಲಿ. ಗೋಡೆ ಏಕೆ ಇಷ್ಟು ದಪ್ಪ, ಚಾವಣಿ ಏಕೆ ಬಾಗಿದೆ ಎಂದು ಮಕ್ಕಳನ್ನೇ ಕೇಳಿ. ಉತ್ತರವನ್ನು ಮೊದಲೇ ಹೇಳಿಬಿಡಬೇಡಿ. ವಿಜ್ಞಾನದ ಪಾಠ, ಚರಿತ್ರೆಯ ಪಾಠ ಎರಡೂ ಬೇರೆ ಬೇರೆ ಪುಸ್ತಕದಲ್ಲಿದ್ದರೂ ಇಲ್ಲಿ ಒಂದೇ ಗೋಡೆಯಲ್ಲಿವೆ ಎಂಬುದು ಅವರಿಗೇ ಹೊಳೆಯುತ್ತದೆ.

ಗೋಡೆಯ ಮೇಲೆ ಹೆಸರು ಗೀಚಬಾರದೆಂದು ಹೇಳಿಕೊಡುವುದೂ ಅಲ್ಲಿಯೇ ಸಾಧ್ಯ. ಕಟ್ಟಿದವರೇ ತಮ್ಮ ಹೆಸರು ಬರೆದುಕೊಳ್ಳದ ಗೋಡೆ ಅದು. ನೋಡಲು ಬಂದವರ ಹೆಸರಿಗೆ ಅಲ್ಲಿ ಜಾಗವೆಲ್ಲಿ?

ಹದಿಮೂರು ಕೋಟಿ ಹೆಚ್ಚಾಯಿತೇ ಎಂಬ ಪ್ರಶ್ನೆಗೆ ಈಗ ಉತ್ತರ ಹುಡುಕಬಹುದು. ಆ ದುಡ್ಡು ಕಟ್ಟಡಕ್ಕೆ ಮಾತ್ರ ಆದ ಖರ್ಚಲ್ಲ. ಅಭಿವೃದ್ಧಿ ಎದುರಾದಾಗ ಹಳೆಯದು ಬೀಳಲೇಬೇಕು ಎಂಬ ಮಾತು ಸುಳ್ಳೆಂದು ಒಮ್ಮೆ ತೋರಿಸಿಕೊಡಲು ತೆತ್ತ ಬೆಲೆ ಅದು. ಆದರೆ ಆ ಬೆಲೆ ಸಾರ್ಥಕವಾಗುವುದು ಕಟ್ಟಡ ಸರಿದ ದಿನವಲ್ಲ. ಅದರ ಸುತ್ತ ಕಳೆ ಬೆಳೆಯದಂತೆ, ಒಳಗೆ ಕಸ ತುಂಬದಂತೆ, ಅದೇನೆಂದು ಕೇಳಿದ ಹುಡುಗನಿಗೆ ಉತ್ತರ ಹೇಳುವವರು ಊರಿನಲ್ಲಿ ಇರುವಂತೆ ನೋಡಿಕೊಂಡಾಗ ಮಾತ್ರ. ಸಾವಿರ ಟನ್ ಎತ್ತುವ ಯಂತ್ರ ಬಾಡಿಗೆಗೆ ಸಿಗುತ್ತದೆ. ದಿನದಿನದ ಈ ಕಾಳಜಿಯನ್ನು ಮಾತ್ರ ನಾವೇ ಕೊಡಬೇಕು.